ಮಾಸ್ಕಿಂಗ್: ಶಾಲೆಯಲ್ಲಿ ಜಾಣೆ, ಮನೆಗೆ ಬಂದರೆ ರಂಪ

ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಮಾತಾಡುವ, ಸದ್ದು ಬೆಳಕು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ. ಅದು ಇರುವ ಮಗು ತನಗೆ ಸಹಜವಾದ ನಡವಳಿಕೆಯನ್ನು ಅದುಮಿಟ್ಟುಕೊಂಡು, ಸುತ್ತಲಿನವರಂತೆ ಕಾಣಿಸಿಕೊಳ್ಳಲು ಪಡುವ ಪಾಡಿಗೆ ಮಾಸ್ಕಿಂಗ್ ಎನ್ನುತ್ತಾರೆ. ಸಂಶೋಧಕರು ಕ್ಯಾಮೊಫ್ಲಾಜಿಂಗ್ ಎಂದೂ ಬರೆಯುತ್ತಾರೆ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲೂ ಇದು ಉಂಟು. ಆದರೆ ಜಾಸ್ತಿ ಅಧ್ಯಯನ ನಡೆದಿರುವುದು ಆಟಿಸಂ ಸುತ್ತ. ಹಾಗಾಗಿ ಇಲ್ಲಿ ಅದನ್ನೇ ಹಿಡಿದು ಹೇಳುತ್ತೇನೆ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಅಂದುಕೊಳ್ಳಿ. ಟೀಚರ್ ಕಣ್ಣನ್ನು ನೇರವಾಗಿ ನೋಡಿದರೆ ಅವಳಿಗೆ ಹಿಂಸೆ. ಅದಕ್ಕೆ ಹುಬ್ಬುಗಳ ನಡುವಿನ ಜಾಗ ನೋಡುತ್ತಾಳೆ. ಖುಷಿಯಾದಾಗ ಕೈ ಅಲ್ಲಾಡಿಸಬೇಕು ಅನ್ನಿಸುತ್ತದೆ. ಒಮ್ಮೆ ಯಾರೋ ನಕ್ಕಿದ್ದರಿಂದ ಈಗ ಕೈಯನ್ನು ಡೆಸ್ಕಿನ ಕೆಳಗಿಟ್ಟು ಯೂನಿಫಾರ್ಮಿನ ಅಂಚು ತಿರುಚುತ್ತಾಳೆ. ಗೆಳತಿಯರು ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ, ಆದರೂ ಒಂದು ಕ್ಷಣ ತಡವಾಗಿ ತಾನೂ ನಗುತ್ತಾಳೆ. ಊಟದ ಹೊತ್ತಿಗೆ ಏನು ಮಾತಾಡಬೇಕು ಅಂತ ಬೆಳಗ್ಗೆ ಬಸ್ಸಿನಲ್ಲೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿರುತ್ತಾಳೆ. ಟೀಚರ್ ಕಣ್ಣಿಗೆ ಅವಳು ಸುಮ್ಮನಿರುವ, ಒಳ್ಳೆಯ ಮಗು. ಅಷ್ಟೇ.

ಸಂಜೆ ಮನೆಗೆ ಬಂದು ಬ್ಯಾಗ್ ಎಸೆದ ಮೇಲೆ ಕಥೆಯೇ ಬೇರೆ. ಚಪಾತಿ ಹರಿದಿದೆ ಅಂತ ಅರ್ಧ ಗಂಟೆ ಅಳು. ತಮ್ಮ ಮುಟ್ಟಿದ ಅಂತ ಕಿರುಚಾಟ. ಅಮ್ಮ ಶಾಲೆಗೆ ಹೋಗಿ ಕೇಳಿದರೆ, 'ಇಲ್ಲಿ ಏನೂ ತೊಂದರೆ ಇಲ್ಲ ಮೇಡಂ, ತುಂಬಾ ಚೆನ್ನಾಗಿದ್ದಾಳೆ' ಎಂಬ ಉತ್ತರ. ಮನೆಯಲ್ಲಿ ಅಜ್ಜಿಯ ಮಾತು ಇನ್ನೊಂದು: 'ನೀನೇ ಮುದ್ದು ಮಾಡಿ ಹಾಳು ಮಾಡಿದ್ದೀಯ.' ಟೀಚರ್ ಸುಳ್ಳು ಹೇಳುತ್ತಿಲ್ಲ. ಅಮ್ಮ ಕಂಡಿದ್ದೂ ನಿಜವೇ. ಇಡೀ ದಿನ ಹಿಡಿದಿಟ್ಟುಕೊಂಡಿದ್ದನ್ನು ಮಗು ಭಯವಿಲ್ಲದ ಜಾಗದಲ್ಲಿ ಬಿಟ್ಟಿರುತ್ತದೆ.

'ಎಲ್ಲರೂ ಸ್ವಲ್ಪ ಹಾಗೇ ಅಲ್ವಾ? ನಾವೂ ನೆಂಟರ ಮನೆಯಲ್ಲಿ ಬೇರೆ ಥರ ಇರುತ್ತೇವೆ' ಎಂದು ತುಂಬಾ ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಾವು ನೆಂಟರ ಮುಂದೆ ನಯವಾಗಿ ಮಾತಾಡುವಾಗ ಅದಕ್ಕೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಈ ಮಗುವಿಗೆ ಹಾಗಲ್ಲ. ಎಷ್ಟು ಹೊತ್ತು ನೋಡಬೇಕು, ದನಿ ಎಷ್ಟು ಏರಿಸಬೇಕು, ಈಗ ನಗಬೇಕೋ ಬೇಡವೋ, ಎಲ್ಲವನ್ನೂ ಯೋಚಿಸಿಯೇ ಮಾಡಬೇಕು. ಅರೆಬರೆ ಕಲಿತ ಭಾಷೆಯಲ್ಲಿ ಬೆಳಗಿನಿಂದ ಸಂಜೆವರೆಗೆ, ಒಂದು ತಪ್ಪೂ ಮಾಡದೆ ಮಾತಾಡಬೇಕಾದ ಹಾಗೆ. ಜೊತೆಗೆ ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಮಿನುಗು, ಬೆಂಚು ಎಳೆಯುವ ಕಿರಿಕಿರಿ. ಇವೆಲ್ಲವನ್ನೂ ತಡೆದುಕೊಂಡು ಮುಖದಲ್ಲಿ ಏನೂ ತೋರಿಸಬಾರದು.

ಸಂಶೋಧನೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಮಿಶೆಲ್ ಡೀನ್, ರಾಬಿನ್ ಹಾರ್ವುಡ್ ಮತ್ತು ಕಾನಿ ಕಸಾರಿ ಎಂಬ ಸಂಶೋಧಕರು ಅಮೆರಿಕದ ಪ್ರಾಥಮಿಕ ಶಾಲೆಗಳ ಆಟದ ಮೈದಾನದಲ್ಲಿ ಬಿಡುವಿನ ವೇಳೆ ಮಕ್ಕಳು ಏನು ಮಾಡುತ್ತಾರೆ ಎಂದು ನೋಡಿದರು. ಒಟ್ಟು 96 ಮಕ್ಕಳು. ಆಟಿಸಂ ಇರುವ 24 ಹುಡುಗಿಯರು, 24 ಹುಡುಗರು. ಆಟಿಸಂ ಇಲ್ಲದ ಹುಡುಗಿಯರು ಮತ್ತು ಹುಡುಗರೂ ಅಷ್ಟಷ್ಟೇ.

ಆಟಿಸಂ ಇಲ್ಲದ ಹುಡುಗರು ಬಹುಮಟ್ಟಿಗೆ ಚೆಂಡು ಹಿಡಿದು ಗುಂಪಿನಲ್ಲಿ ಆಡುತ್ತಿದ್ದರು. ಆಟಿಸಂ ಇರುವ ಹುಡುಗ ಒಂಟಿಯಾಗಿರುತ್ತಿದ್ದ. ಅವನಿಗೆ ಕಷ್ಟವಿದೆ ಅಂತ ಯಾರ ಕಣ್ಣಿಗಾದರೂ ಬೀಳುತ್ತದೆ. ಹುಡುಗಿಯರ ಲೋಕ ಬೇರೆ. ಅವರು ಗುಂಪು ಕಟ್ಟಿಕೊಂಡು ಮಾತಾಡುತ್ತಾರೆ, ಓಡಾಡುತ್ತಾರೆ. ಆಟಿಸಂ ಇರುವ ಹುಡುಗಿ ಈ ಗುಂಪುಗಳ ಹತ್ತಿರದಲ್ಲೇ ಇರುತ್ತಿದ್ದಳು. ಸ್ವಲ್ಪ ಹೊತ್ತು ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಇನ್ನೊಂದು ಕಡೆ ಸೇರುವುದು. ದೂರದಿಂದ ನೋಡುವ ಟೀಚರ್‌ಗೆ ಅವಳು ಗೆಳತಿಯರ ಜೊತೆಗಿದ್ದಾಳೆ. ಹತ್ತಿರ ಹೋಗಿ ಹೊತ್ತು ಅಳೆದು ನೋಡಿದಾಗ ಮಾತ್ರ ಅವಳು ಉಳಿದ ಹುಡುಗಿಯರಷ್ಟು ಬೆರೆಯುತ್ತಿಲ್ಲ ಎಂದು ಗೊತ್ತಾಗುತ್ತದೆ. ಗಂಡುಮಕ್ಕಳನ್ನು ನೋಡಿ ಆಟಿಸಂ ಗುರುತಿಸಲು ಕಲಿತ ಕಣ್ಣಿಗೆ ಈ ಹುಡುಗಿ ಬೀಳುವುದೇ ಇಲ್ಲ.

ಅದೇ 2017ರಲ್ಲಿ ರೇಚಲ್ ಲೂಮ್ಸ್ ಮತ್ತು ಜೊತೆಗಾರರು ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ನಾಲ್ಕು ಹುಡುಗರಿಗೆ ಒಬ್ಬ ಹುಡುಗಿಗೆ ಆಟಿಸಂ ಎಂಬ ಹಳೆಯ ಮಾತು ಸರಿಯಲ್ಲ, ಅದು ಮೂರಕ್ಕೆ ಒಂದರ ಹತ್ತಿರ ಎಂದು ಅವರಿಗೆ ಕಂಡಿತು. ಎಷ್ಟೋ ಹುಡುಗಿಯರ ಆಟಿಸಂ ಗುರುತಾಗುತ್ತಲೇ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಾಗಂತ ಮಾಸ್ಕಿಂಗ್ ಹುಡುಗಿಯರ ಗುಣ ಮಾತ್ರ ಅಲ್ಲ. ಹುಡುಗರೂ ಮಾಡುತ್ತಾರೆ, ದೊಡ್ಡವರೂ ಮಾಡುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲೇ, ಆಟಿಸಂನ ಲಕ್ಷಣಗಳು ಕಲಿತ ಉಪಾಯಗಳಿಂದ ಮುಚ್ಚಿಹೋಗಬಹುದು ಎಂಬ ಮಾತಿದೆ.

ಲಂಡನ್ನಿನ ಲಾರಾ ಹಲ್ ಮತ್ತು ಜೊತೆಗಾರರು 92 ಮಂದಿ ಆಟಿಸಂ ಇರುವ ವಯಸ್ಕರನ್ನು ಈ ಬಗ್ಗೆ ಕೇಳಿದರು. ಯಾಕೆ ಮುಚ್ಚಿಡುತ್ತೀರಿ ಅಂದರೆ ಕೆಲಸ ಉಳಿಸಿಕೊಳ್ಳಲು, ಸ್ನೇಹ ಸಂಪಾದಿಸಲು, ಬೇರೆಯವರ ಕಾಟ ತಪ್ಪಿಸಿಕೊಳ್ಳಲು ಎಂಬ ಉತ್ತರಗಳು ಬಂದವು. ಅದರಿಂದ ಏನಾಗುತ್ತದೆ ಅಂದರೆ ವಿಪರೀತ ಸುಸ್ತು, ಮತ್ತು 'ನಾನು ನಿಜವಾಗಿ ಯಾರು' ಎಂಬ ಗೊಂದಲ. ಇದೇ ತಂಡ 2019ರಲ್ಲಿ 25 ವಾಕ್ಯಗಳ ಒಂದು ಪ್ರಶ್ನಾವಳಿ ತಯಾರಿಸಿತು. ಅದು ಮೂರು ವಿಷಯ ಅಳೆಯುತ್ತದೆ. ಕಷ್ಟವಾದ ಕಡೆ ಬೇರೆಯವರನ್ನು ನೋಡಿ, ಟಿವಿ ನೋಡಿ ಮಾತು ಕಲಿಯುವುದು ಒಂದು. ಮುಖ, ಕೈ, ದನಿಯ ಮೇಲೆ ಕಾವಲು ಇಡುವುದು ಇನ್ನೊಂದು. ಮನಸ್ಸಿಲ್ಲದಿದ್ದರೂ ಬಲವಂತವಾಗಿ ಗುಂಪಿನಲ್ಲಿ ಬೆರೆಯುವುದು ಮತ್ತೊಂದು.

ಮಗು ಇಷ್ಟೆಲ್ಲ ಯಾಕೆ ಮಾಡಬೇಕು, ತನ್ನ ಪಾಡಿಗೆ ತಾನಿರಬಾರದಾ? ಇದಕ್ಕೆ ಉತ್ತರ ಮಗುವಿನ ಒಳಗೆ ಹುಡುಕಿದರೆ ಸಿಗುವುದಿಲ್ಲ. ನೋವಾ ಸ್ಯಾಸನ್ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗ ಮಾಡಿದರು. ಆಟಿಸಂ ಇರುವವರು ಮತ್ತು ಇಲ್ಲದವರು ಕೆಲವೇ ಸೆಕೆಂಡು ಮಾತಾಡುವ ವಿಡಿಯೋಗಳನ್ನು ಅಪರಿಚಿತರಿಗೆ ತೋರಿಸಿದರು. ಯಾರಿಗೆ ಆಟಿಸಂ ಇದೆ ಎಂದು ಹೇಳಿರಲಿಲ್ಲ. ಇವರ ಪಕ್ಕ ಕೂರುತ್ತೀರಾ, ಇವರನ್ನು ಮಾತಾಡಿಸುತ್ತೀರಾ ಎಂದು ಕೇಳಿದರೆ, ಆಟಿಸಂ ಇರುವವರ ವಿಷಯದಲ್ಲಿ ಜನ ಹಿಂಜರಿದರು. ಅವರಾಡಿದ ಮಾತನ್ನು ಬರೀ ಬರಹದಲ್ಲಿ ಕೊಟ್ಟಾಗ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಅವರು ಏನು ಹೇಳಿದರು ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ದನಿಯ ಏರಿಳಿತ, ಮುಖದ ಭಾವ, ಕೂರುವ ರೀತಿ, ಇಷ್ಟರಿಂದಲೇ ಬಾಗಿಲು ಮುಚ್ಚಿತ್ತು. ಅದೂ ಕೆಲವೇ ಸೆಕೆಂಡಿನಲ್ಲಿ. ಮಗುವಿಗೆ ಈ ಅಧ್ಯಯನ ಗೊತ್ತಿಲ್ಲ, ಆದರೆ ಈ ಅನುಭವ ಚೆನ್ನಾಗಿ ಗೊತ್ತು. ಅದು ಮುಚ್ಚಿಡುವುದನ್ನು ಕಲಿಯುತ್ತದೆ.

ಈ ಕಲಿಕೆಗೆ ತೆರುವ ಬೆಲೆ ಸಣ್ಣದಲ್ಲ. ಮಾಸ್ಕಿಂಗ್ ಜಾಸ್ತಿ ಇರುವವರಲ್ಲಿ ಆತಂಕ ಮತ್ತು ಖಿನ್ನತೆ ಜಾಸ್ತಿ ಕಾಣುತ್ತದೆ ಎಂದು ಒಂದಲ್ಲ, ಹಲವು ಅಧ್ಯಯನಗಳು ಹೇಳಿವೆ. ಸಾರಾ ಕ್ಯಾಸಿಡಿ ಮತ್ತು ಜೊತೆಗಾರರ 2018ರ ಅಧ್ಯಯನದಲ್ಲಿ, ಆಟಿಸಂ ಇರುವ ವಯಸ್ಕರ ಆತ್ಮಹತ್ಯೆಯ ಯೋಚನೆಗಳಿಗೂ ಮಾಸ್ಕಿಂಗಿಗೂ ನಂಟು ಕಂಡುಬಂತು. 2020ರಲ್ಲಿ ಡೋರಾ ರೇಮೇಕರ್ ಮತ್ತು ಜೊತೆಗಾರರು ಆಟಿಸಂ ಬರ್ನೌಟ್ ಬಗ್ಗೆ ಬರೆದರು. ತಿಂಗಳುಗಟ್ಟಲೆ ಇಳಿಯದ ಬಳಲಿಕೆ, ಮೊದಲು ಮಾಡುತ್ತಿದ್ದ ಕೆಲಸವೂ ಕೈಲಾಗದ ಸ್ಥಿತಿ, ಸದ್ದು ಬೆಳಕು ಸಹಿಸಲಾಗದಿರುವುದು ಅದರ ಗುರುತುಗಳು. ಮಾಸ್ಕಿಂಗ್ ಅದಕ್ಕೆ ಒಂದು ಕಾರಣ ಎಂದು ಅದನ್ನು ಅನುಭವಿಸಿದವರೇ ಹೇಳಿದರು. ಎಂಟು, ಒಂಬತ್ತನೇ ಕ್ಲಾಸಿಗೆ ಬಂದಾಗ 'ಇಷ್ಟು ದಿನ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಶಾಲೆಗೇ ಹೋಗಲ್ಲ ಅಂತಿದೆ' ಎಂದು ತಂದೆತಾಯಿ ಕಂಗಾಲಾಗುತ್ತಾರಲ್ಲ, ಅಂಥ ಕಡೆ ಈ ಸಾಧ್ಯತೆಯನ್ನೂ ನೋಡಲೇಬೇಕು. ಆ ವಯಸ್ಸಿಗೆ ಸ್ನೇಹದ ನಿಯಮಗಳು ತೊಡಕಾಗುತ್ತವೆ. ಪಾಠ ಹೆಚ್ಚುತ್ತದೆ. ಹಳೆಯ ಉಪಾಯಗಳು ಸಾಲುವುದಿಲ್ಲ.

ಈ ಅಧ್ಯಯನಗಳಿಗೆ ಮಿತಿಗಳೂ ಇವೆ. ಬಹುಪಾಲು ನಡೆದಿರುವುದು ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ, ಚೆನ್ನಾಗಿ ಮಾತಾಡಬಲ್ಲ ದೊಡ್ಡವರ ಮೇಲೆ, ಅವರೇ ತುಂಬಿದ ಪ್ರಶ್ನಾವಳಿಗಳಿಂದ. ಆತಂಕದಿಂದ ಮಾಸ್ಕಿಂಗ್ ಹೆಚ್ಚುತ್ತದೋ, ಮಾಸ್ಕಿಂಗಿನಿಂದ ಆತಂಕವೋ ಎಂಬುದು ಇವುಗಳಿಂದ ಖಚಿತವಾಗುವುದಿಲ್ಲ. ಎರಿಕ್ ಫಾಂಬೋನ್ ಅವರಂಥ ಹಿರಿಯ ಸಂಶೋಧಕರು ಈ ಪರಿಕಲ್ಪನೆಯ ಅಳತೆಗೋಲುಗಳ ಬಗ್ಗೆಯೇ ಪ್ರಶ್ನೆ ಎತ್ತಿದ್ದಾರೆ. ಸಂಕೋಚದ ಮಗು, ಜನರ ಮುಂದೆ ಹೆದರುವ ಮಗು ಕೂಡ ಇದೇ ಥರ ಕಾಣಬಹುದು. ಸುಮ್ಮನಿರುವ ಮಕ್ಕಳೆಲ್ಲರಿಗೂ ಆಟಿಸಂ ಇದೆ ಎಂದು ತಿಳಿಯುವುದು ಇನ್ನೊಂದು ತಪ್ಪು.

ನಮ್ಮ ಶಾಲೆ, ಮನೆಗಳಲ್ಲಿ ಮಾಸ್ಕಿಂಗ್ ಬೆಳೆಯಲು ಬೇಕಾದ್ದೆಲ್ಲ ಇದೆ. ತುಂಬಿದ ಕ್ಲಾಸಿನಲ್ಲಿ ಗಲಾಟೆ ಮಾಡದ ಮಗುವಿನ ಕಡೆ ಟೀಚರ್ ಗಮನ ಹೋಗುವುದು ಕಷ್ಟ. ಹೆಣ್ಣುಮಗುವಿಗಂತೂ ಚಿಕ್ಕಂದಿನಿಂದಲೇ ಹೊಂದಿಕೊಂಡು ಹೋಗು, ಎದುರು ಮಾತಾಡಬೇಡ, ಬಂದವರ ಮುಂದೆ ನಗುನಗುತ್ತಾ ಇರು ಎಂಬ ಪಾಠ. 'ಎಷ್ಟು ಚೆನ್ನಾಗಿ ಅಡ್ಜಸ್ಟ್ ಮಾಡಿಕೊಳ್ಳುತ್ತಾಳೆ' ಎಂಬ ಹೊಗಳಿಕೆಯ ಹಿಂದೆ ಅವಳ ಎಷ್ಟು ಶ್ರಮ ಇದೆ ಎಂದು ಕೇಳುವವರು ಕಡಿಮೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಚಾಕಲೇಟ್, ಕೈ ಅಲ್ಲಾಡಿಸದೆ ಕೂತರೆ ಸ್ಟಾರ್ ಎಂಬಂಥ ತರಬೇತಿಗಳ ಬಗ್ಗೆಯೂ ನನಗೆ ಆಕ್ಷೇಪವಿದೆ. ಕೈ ಅಲ್ಲಾಡಿಸಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ಬೇಕಾದ್ದನ್ನು ಕೇಳಲು, ಬೇಡ ಅನ್ನಲು, ನೋವು ಹೇಳಿಕೊಳ್ಳಲು ಕಲಿಸುವುದು ಬಿಟ್ಟು ಬೇರೆಯವರಂತೆ ಕಾಣುವುದನ್ನು ಕಲಿಸಿದರೆ ಮಗುವಿಗೆ ಅದರಿಂದ ಏನು ಸಿಕ್ಕಿತು?

ಕಾನೂನಿನ ಕಡೆಯಿಂದಲೂ ಮಾಸ್ಕಿಂಗ್ ತೊಡಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿಯಂಥ ಬದಲಾವಣೆಗಳ ಮಾತು ಆ ಕಾಯ್ದೆಯಲ್ಲೇ ಇದೆ. ಆದರೆ ತಪಾಸಣೆಯ ಕೊಠಡಿಯಲ್ಲಿ ಮಗು ತನ್ನೆಲ್ಲ ಶಕ್ತಿ ಹಾಕಿ ಚೆನ್ನಾಗಿ ಮಾತಾಡಿಬಿಟ್ಟರೆ, ತೊಂದರೆ ಅಷ್ಟೇನಿಲ್ಲ ಎಂದು ಬರೆಯುವ ಸಾಧ್ಯತೆ ಇದೆ. ಅದಕ್ಕೇ ಮನೆಯಲ್ಲಿ ಕಂಡದ್ದನ್ನು ಬರೆದಿಟ್ಟುಕೊಂಡು ಹೋಗಿ. ಯಾವ ದಿನ, ಶಾಲೆಯಿಂದ ಬಂದ ಎಷ್ಟು ಹೊತ್ತಿಗೆ, ಏನಾಯಿತು, ಶಾಂತವಾಗಲು ಎಷ್ಟು ಹೊತ್ತು ಬೇಕಾಯಿತು. ರಜೆಯ ದಿನಗಳಲ್ಲಿ ಹೇಗಿರುತ್ತದೆ ಎಂಬುದನ್ನೂ ಬರೆಯಿರಿ. ಆ ವ್ಯತ್ಯಾಸ ವೈದ್ಯರಿಗೆ ತುಂಬಾ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆಟಿಸಂ ತಪಾಸಣೆ ಆಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದರಲ್ಲಿ ದೊಡ್ಡದು, ಶಾಲೆಯಿಂದ ಬಂದ ತಕ್ಷಣ ಏನೂ ಕೇಳದಿರುವುದು. ಇವತ್ತು ಏನು ಪಾಠ, ಯಾರ ಜೊತೆ ಆಡಿದೆ, ಹೋಂವರ್ಕ್ ಏನು, ಎಲ್ಲ ಆಮೇಲೆ. ಟ್ಯೂಷನ್ನಿಗೆ ನೇರವಾಗಿ ಕಳಿಸುವ ಮುಂಚೆ ನೂರು ಸಲ ಯೋಚಿಸಿ. ತಿಂಡಿ ಕೊಟ್ಟು, ಟಿವಿ ಸದ್ದು ಕಡಿಮೆ ಮಾಡಿ, ಮಗುವನ್ನು ಅದರ ಪಾಡಿಗೆ ಬಿಡಿ. ಜೋಕಾಲಿ ಆಡಲಿ, ಒಂದೇ ಹಾಡು ಹತ್ತು ಸಲ ಕೇಳಲಿ, ಮಂಚದ ಕೆಳಗೆ ಮಲಗಲಿ. ಮನೆಗೆ ಬಂದವರಿಗೆ ನಮಸ್ಕಾರ ಮಾಡಲಿಲ್ಲ ಅಂತ ಎಲ್ಲರ ಮುಂದೆ ಗದರಬೇಡಿ. ಟೀಚರ್ ಹತ್ತಿರ ಕೇಳುವುದೂ ಸಣ್ಣ ಸಣ್ಣ ಸಂಗತಿಗಳೇ: ಕಿಟಕಿ ಪಕ್ಕದ ಜಾಗ, ಪ್ರಾರ್ಥನೆಯ ಗದ್ದಲದಿಂದ ಬಿಡುವು, ಬೇಕಾದಾಗ ಐದು ನಿಮಿಷ ಹೊರಗೆ ಹೋಗಿಬರುವ ಅನುಮತಿ, ಮುಖ ನೋಡದೆಯೇ ಉತ್ತರ ಹೇಳಿದರೂ ಒಪ್ಪಿಕೊಳ್ಳುವುದು.

ಒಂದು ಎಚ್ಚರಿಕೆ. ವಿಷಯ ಗೊತ್ತಾಯಿತು ಅಂತ 'ಇನ್ನು ಮುಚ್ಚಿಡಬೇಡ, ಇದ್ದ ಹಾಗೆ ಇರು' ಎಂದು ಮಗುವಿನ ಮೇಲೆ ಒತ್ತಾಯ ಹೇರಬಾರದು. ಅಣಕಿಸುವ ಮಕ್ಕಳು ಕ್ಲಾಸಿನಲ್ಲಿ ಇನ್ನೂ ಹಾಗೇ ಇರುವಾಗ ಮಾಸ್ಕಿಂಗ್ ಆ ಮಗುವಿನ ರಕ್ಷಣೆ. ಮೊದಲು ಬದಲಾಗಬೇಕಾದ್ದು ಆ ಕ್ಲಾಸು. ಎಲ್ಲಿ ಮುಚ್ಚಿಡಬೇಕು, ಎಲ್ಲಿ ಬೇಡ ಎಂಬ ತೀರ್ಮಾನ ಮಗುವಿನದೇ ಆಗಿರಲಿ.

ಹದಿಹರೆಯದ ಮಗು ಬದುಕೇ ಬೇಡ ಎಂಬ ಮಾತಾಡಿದರೆ, ಶಾಲೆಯಲ್ಲಿ ಅದು ಎಷ್ಟೇ ಚೆನ್ನಾಗಿ ಕಾಣುತ್ತಿರಲಿ, ಆ ಮಾತನ್ನು ನಂಬಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ. ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು, ತಂದೆತಾಯಿಯೂ ಕರೆ ಮಾಡಬಹುದು.