ಎರಡು ಮತಪತ್ರಗಳ ನಡುವೆ

2014ರ ಮೇ 22ರಂದು ಲಂಡನ್ನಿನ ಮತಗಟ್ಟೆಗೆ ಹೋದವರ ಕೈಗೆ ಎರಡು ಮತಪತ್ರಗಳು ಬಂದವು. ಒಂದು ಬರೋ ಕೌನ್ಸಿಲಿನದು, ಅಂದರೆ ನಗರದ ಒಂದೊಂದು ಭಾಗದ ಸ್ಥಳೀಯ ಆಡಳಿತದ್ದು. ಬಹುತೇಕ ವಾರ್ಡುಗಳಿಂದ ಮೂವರು ಆರಿಸಿ ಬರಬೇಕಿದ್ದುದರಿಂದ ಅದರಲ್ಲಿ ಮೂರು ಹೆಸರುಗಳ ಮುಂದೆ ಗುರುತು ಹಾಕಬಹುದಿತ್ತು. ಇನ್ನೊಂದು ಯುರೋಪಿಯನ್ ಪಾರ್ಲಿಮೆಂಟಿನದು. ಆ ಉದ್ದನೆಯ ಹಾಳೆಯಲ್ಲಿ ಯಾವುದಾದರೊಂದು ಪಕ್ಷದ ಮುಂದೆ ಒಂದೇ ಗುರುತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ನೆಲೆಸಿದ್ದ ಕನ್ನಡಿಗರೂ ಹೆಸರು ನೋಂದಾಯಿಸಿದ್ದರೆ ಎರಡನ್ನೂ ಪಡೆಯಬಹುದಿತ್ತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಬ್ರಿಟನ್ ಆ ಹಕ್ಕು ಕೊಟ್ಟಿತ್ತು.

ಫಲಿತಾಂಶ ಮಾತ್ರ ಎರಡು ಬೇರೆ ದೇಶಗಳದ್ದೇನೋ ಎಂಬಂತಿತ್ತು. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ ಯುಕಿಪ್ (ಯುಕೆ ಇಂಡಿಪೆಂಡೆನ್ಸ್ ಪಾರ್ಟಿ) ಪಕ್ಷ ಯುರೋಪಿಯನ್ ಚುನಾವಣೆಯಲ್ಲಿ ಸುಮಾರು ಶೇ. 27 ಮತ ಗಳಿಸಿ ಎಲ್ಲರಿಗಿಂತ ಮುಂದೆ ನಿಂತಿತು. ಸ್ಥಳೀಯ ಮತಗಳನ್ನು ಇಡೀ ದೇಶಕ್ಕೆ ವಿಸ್ತರಿಸಿ ಬಿಬಿಸಿ ಮಾಡಿದ ಅಂದಾಜಿನಲ್ಲಿ ಅದೇ ಪಕ್ಷದ ಪಾಲು ಶೇ. 17 ಮಾತ್ರ.

ಹಾಗಾದರೆ ನೂರಕ್ಕೆ ಹತ್ತು ಜನ ಪಕ್ಷ ಬದಲಿಸಿದರು ಎನ್ನಬಹುದೇ? ಸಾವಿರ ಮತದಾರರ ಒಂದು ಕಾಲ್ಪನಿಕ ವಾರ್ಡಿನಲ್ಲಿ, ಒಬ್ಬರಿಗೆ ಒಂದೊಂದೇ ಮತವೆಂದುಕೊಂಡು, ಲೆಕ್ಕ ಹಾಕೋಣ. ಯುಕಿಪ್‌ಗೆ ಸ್ಥಳೀಯವಾಗಿ 170, ಯುರೋಪಿಗೆ 270 ಮತ ಬಿದ್ದಿವೆ. ಆ 170 ಜನರೆಲ್ಲ ಎರಡೂ ಕಡೆ ಯುಕಿಪ್‌ಗೇ ಒತ್ತಿದ್ದರೆ ಅದರತ್ತ ಹೊಸದಾಗಿ ಬಂದವರು 100 ಜನ. ಬದಲಿಗೆ ಆ 170 ಜನರೆಲ್ಲ ಯುರೋಪಿನ ಹಾಳೆಯಲ್ಲಿ ಯುಕಿಪ್ ಅನ್ನು ಕೈಬಿಟ್ಟು ಹೋಗಿ, ಬೇರೆಯೇ 270 ಜನ ಬಂದಿದ್ದರೆ ಅತ್ತಿತ್ತ ಸರಿದವರು 440. ಎಣಿಕೆಯ ಮೊತ್ತ ಎರಡೂ ಸಂದರ್ಭಗಳಲ್ಲಿ ಒಂದೇ. ಸಮೂಹದ ಅಂಕಿಗಳಿಂದ ವ್ಯಕ್ತಿಯ ನಡೆಯನ್ನು ಊಹಿಸುವುದರ ಅಪಾಯವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲೇ ತೋರಿಸಿದ್ದರು. ಚುನಾವಣೆಯ ರಾತ್ರಿ ಅದು ಯಾರಿಗೂ ನೆನಪಾಗುವುದಿಲ್ಲ.

ಮತದಾರ ಹೀಗೆ ಸರಿಯುವುದೇಕೆ ಎಂಬುದಕ್ಕೆ ಜರ್ಮನಿಯ ರಾಜ್ಯಶಾಸ್ತ್ರಜ್ಞರಾದ ಕಾರ್ಲ್‌ಹೈಂಜ್ ರೈಫ್ ಮತ್ತು ಹರ್ಮನ್ ಶ್ಮಿಟ್ 1980ರಲ್ಲಿ ಕೊಟ್ಟ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ಸರ್ಕಾರ ರಚನೆಯಾಗದ ಚುನಾವಣೆ ಜನರ ಕಣ್ಣಿಗೆ ಎರಡನೇ ದರ್ಜೆಯದು. ಅಲ್ಲಿ ಮತದಾನ ಇಳಿಯುತ್ತದೆ, ಆಳುವ ಪಕ್ಷ ಪೆಟ್ಟು ತಿನ್ನುತ್ತದೆ, ಸಣ್ಣ ಪಕ್ಷಗಳು ಚಿಗುರುತ್ತವೆ. ಆದರೆ ಸ್ಥಳೀಯ ಚುನಾವಣೆಯೂ ಎರಡನೇ ದರ್ಜೆಯದೇ ಆದ್ದರಿಂದ, ಒಂದೇ ದಿನದ ಈ ಅಂತರವನ್ನು ಅದೊಂದೇ ವಿವರಿಸಲಾರದು. ನನ್ನ ಮಟ್ಟಿಗೆ ಹೆಚ್ಚಿನ ಉತ್ತರ ಹಾಳೆಯಲ್ಲೇ ಇದೆ. ವಾರ್ಡಿನಲ್ಲಿ ಹೆಚ್ಚು ಮತ ಪಡೆದವರಷ್ಟೇ ಗೆಲ್ಲುವುದರಿಂದ ಸಣ್ಣ ಪಕ್ಷಕ್ಕೆ ಹಾಕಿದ ಮತ ವ್ಯರ್ಥವಾದೀತೆಂಬ ಅಳುಕಿರುತ್ತದೆ, ಜೊತೆಗೆ ಕಸದ ವಿಲೇವಾರಿಗೆ ಓಡಾಡಿದ ಕೌನ್ಸಿಲರ್‌ನ ಮುಖ ನೆನಪಾಗುತ್ತದೆ. ಯುರೋಪಿನ ಸ್ಥಾನಗಳು ಮತಗಳ ಅನುಪಾತಕ್ಕೆ ತಕ್ಕಂತೆ ಹಂಚಿಕೆಯಾಗುತ್ತಿದ್ದುದರಿಂದ ಅಲ್ಲಿ ಆ ಅಳುಕು ಕಡಿಮೆಯಿತ್ತು. ಮರುವರ್ಷದ ಸಂಸತ್ ಚುನಾವಣೆಯಲ್ಲಿ ಯುಕಿಪ್ ಶೇ. 12.6ಕ್ಕೆ ಇಳಿದು ಒಂದೇ ಸ್ಥಾನ ಪಡೆಯಿತು.

2019ರ ಕಥೆ ಬೇರೆ. ಒಕ್ಕೂಟ ಬಿಡಬೇಕೆನ್ನುತ್ತಿದ್ದ ಹೊಸ ಪಕ್ಷ ಬ್ರೆಕ್ಸಿಟ್ ಪಾರ್ಟಿ ಮೇ 2ರ ಸ್ಥಳೀಯ ಚುನಾವಣೆಯಲ್ಲಿ ಸ್ಪರ್ಧಿಸಲೇ ಇಲ್ಲ. ಮೇ 23ರ ಯುರೋಪಿಯನ್ ಚುನಾವಣೆಯಲ್ಲಿ ಅದು 29 ಸ್ಥಾನ ಗೆದ್ದಿತು. ಕನ್ಸರ್ವೇಟಿವ್ ಪಕ್ಷದ ಅಂದಾಜು ಪಾಲು ಮೂರೇ ವಾರಗಳಲ್ಲಿ ಶೇ. 28ರಿಂದ ಶೇ. 9ಕ್ಕೆ ಕುಸಿಯಿತು. ಮೊದಲ ಹಾಳೆಯಲ್ಲಿ ಇಲ್ಲದೇ ಇದ್ದ ಹೆಸರಿಗೆ ಎರಡನೆಯದರಲ್ಲಿ ಗುರುತು ಹಾಕಿದವರನ್ನು ಚಂಚಲರೆಂದು ಕರೆಯುವುದು ಅನ್ಯಾಯ.

ವ್ಯಕ್ತಿಯ ನಡೆ ತಿಳಿಯಲು ಇರುವ ದಾರಿ, ಅದೇ ಮತದಾರರನ್ನು ಮತ್ತೆ ಮತ್ತೆ ಕೇಳುವ ಸಮೀಕ್ಷೆ. ಅದಕ್ಕೂ ಒಂದು ಮಿತಿ ಉಂಟು. 2014ರಲ್ಲಿ ಇಂಗ್ಲೆಂಡಿನ ಯುರೋಪಿಯನ್ ಹಾಳೆಗಳ ಮೇಲ್ಭಾಗದಲ್ಲಿ 'ಆ್ಯನ್ ಇಂಡಿಪೆಂಡೆನ್ಸ್ ಫ್ರಂ ಯುರೋಪ್' ಎಂಬ ಪಕ್ಷವಿತ್ತು. ವರ್ಣಮಾಲೆಯ ಕ್ರಮದಲ್ಲಿ ಯುಕಿಪ್ ಬಹಳ ಕೆಳಗಿತ್ತು. ಮೇಲಿದ್ದ ಆ ಪಕ್ಷಕ್ಕೆ ಸುಮಾರು 2.35 ಲಕ್ಷ ಮತ ಬಿದ್ದವು, ಯುಕಿಪ್ ಇದನ್ನು ಗೊಂದಲದ ಫಲವೆಂದು ದೂರಿತು. ಹಾಗೆ ಎಡವಿದವನೊಬ್ಬ ಸಮೀಕ್ಷೆಯವರಿಗೆ, ತಾನು ಎರಡೂ ಹಾಳೆಗಳಲ್ಲಿ ಯುಕಿಪ್‌ಗೇ ಒತ್ತಿದೆನೆಂದು ಪ್ರಾಮಾಣಿಕವಾಗಿಯೇ ಹೇಳಿರುತ್ತಾನೆ.