ಎರಡು ‘ಸೇನೆನ್’, ಒಂದು ಹಳದಿ ಗುರುತು: ವಯಸ್ಕರ ಮಾಂಗಾ ಓದುವವರಿಗೆ ಟಿಪ್ಪಣಿ

ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಗಳ ಬಗ್ಗೆ ಓದಲು ಶುರು ಮಾಡಿದವರು ಮೊದಲು ಎಡವುವುದು ‘ಸೇನೆನ್’ ಎಂಬ ಪದದಲ್ಲಿ. ನಾನೂ ಎಡವಿದ್ದೆ. ಜಪಾನಿಯಲ್ಲಿ ಈ ಉಚ್ಚಾರದ ಎರಡು ಪದಗಳಿವೆ. ಕೇಳಲು ಒಂದೇ, ಬರೆಯುವ ಅಕ್ಷರ ಬೇರೆ. ಒಂದರ ಮೊದಲ ಅಕ್ಷರಕ್ಕೆ ನೀಲಿ, ಹಸಿರು ಎಂಬ ಅರ್ಥ. ಇನ್ನೊಂದರದ್ದಕ್ಕೆ ‘ಆಗು, ಪೂರ್ತಿಯಾಗು’ ಎಂದು. ಎರಡರ ಕೊನೆಯಲ್ಲೂ ಇರುವ ಅಕ್ಷರ ‘ವರ್ಷ’. ನಮ್ಮ ಮಾತಲ್ಲಿ ಹೇಳುವುದಾದರೆ ಒಂದು ಕಾಯಿ, ಇನ್ನೊಂದು ಹಣ್ಣು.

ಕಾಯಿ ಸೇನೆನ್ ಅಂದರೆ ಯುವಕರಿಗೆ, ದೊಡ್ಡವರಿಗೆ ಬರೆದ ಸಾಮಾನ್ಯ ಮಾಂಗಾ. ಹಣ್ಣು ಸೇನೆನ್ ಅಂದರೆ ಹದಿನೆಂಟು ದಾಟಿದವರಿಗೆ ಮಾತ್ರ ಮಾರುವ ಹಸಿಬಿಸಿ ಪುಸ್ತಕ. ‘ಬರ್ಸರ್ಕ್’ ಎಂಬ ಮಾಂಗಾದಲ್ಲಿ ಕೈಕಾಲು ಕಡಿದು ಬೀಳುತ್ತವೆ, ಅತ್ಯಾಚಾರದ ದೃಶ್ಯವೂ ಇದೆ. ಆದರೂ ಅದು ಮೊದಲನೇ ಗುಂಪಿಗೇ ಸೇರಿದ್ದು. ಇದು ತಿಳಿದ ಮೇಲೆ ನನ್ನ ಹಳೇ ನೋಟ್ಸ್‌ನ ಒಂದು ಪುಟ ಹರಿದು ಹಾಕಬೇಕಾಯಿತು.

ಇಂಥ ಗಡಸು ಚಿತ್ರಕಥೆಗೆ ಬೇರು ಇನ್ನೂ ಹಿಂದಿದೆ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳ ಕಾಲದಲ್ಲಿ, 1957ರಲ್ಲಿ, ಯೋಶಿಹಿರೊ ತತ್ಸುಮಿ ತಮ್ಮ ಕೆಲಸಕ್ಕೆ ‘ಗೆಕಿಗಾ’ ಎಂಬ ಹೆಸರಿಟ್ಟರು. ನಾಟಕೀಯ ಚಿತ್ರಗಳು ಎಂದರ್ಥ. ಅದನ್ನು ಓದಿ ಬೆಳೆದವರಿಗಾಗಿ ‘ವೀಕ್ಲಿ ಮಾಂಗಾ ಆಕ್ಷನ್’ (1967), ‘ಬಿಗ್ ಕಾಮಿಕ್’ (1968) ಥರದ ಪತ್ರಿಕೆಗಳು ಬಂದವು.

ಈಗ ಕಾನೂನು. ಗಮನ ಕೊಟ್ಟು ಓದಬೇಕಾದ ಭಾಗ ಇದೇ.

ಜಪಾನಿನ ದಂಡಸಂಹಿತೆ 1907ರದ್ದು. ಅದರ 175ನೇ ವಿಧಿ ಅಶ್ಲೀಲ ವಸ್ತು ಹಂಚುವುದನ್ನು ಅಪರಾಧ ಎನ್ನುತ್ತದೆ. ಅಶ್ಲೀಲ ಅಂದರೇನು? ಅದನ್ನು ವಿಧಿ ಹೇಳುವುದಿಲ್ಲ, ಕೋರ್ಟು ಹೇಳಬೇಕು. 1957ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಡಿ.ಎಚ್. ಲಾರೆನ್ಸರ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಅನುವಾದದ ಮೊಕದ್ದಮೆಯಲ್ಲಿ ಹೇಳಿತು. ತಮಾಷೆ ನೋಡಿ, 1964ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅಶ್ಲೀಲತೆ ಬಗ್ಗೆ ದೊಡ್ಡ ತೀರ್ಪು ಕೊಟ್ಟಿದ್ದೂ ಅದೇ ಪುಸ್ತಕದ ಮೇಲೆ.

ಮಾಂಗಾದ ಸರದಿ ಬಂದಿದ್ದು ತಡವಾಗಿ. 2002ರಲ್ಲಿ ‘ಮಿಶ್ಶಿತ್ಸು’ ಎಂಬ ಸಂಕಲನಕ್ಕಾಗಿ ಪ್ರಕಾಶಕರ ಬಂಧನವಾಯಿತು. ಗುಪ್ತಾಂಗಗಳ ಮೇಲೆ ಟೋನ್ (ಚುಕ್ಕಿಗಳ ಬೂದು ಪದರ) ಹಾಕಿದ್ದರು, ಆದರೆ ತೆಳುವಾಗಿ, ಒಳಗಿನ ಗೆರೆ ಕಾಣುವಷ್ಟು. 2004ರಲ್ಲಿ ಶಿಕ್ಷೆಯಾಯಿತು. ಮರುವರ್ಷ ಹೈಕೋರ್ಟು ಜೈಲುಶಿಕ್ಷೆ ತೆಗೆದು 15 ಲಕ್ಷ ಯೆನ್ ದಂಡ ಸಾಕು ಎಂದಿತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಈ 175ನೇ ವಿಧಿ ನೋಡುವುದು ಕಾಮವನ್ನು ಮಾತ್ರ. ರಕ್ತವನ್ನಲ್ಲ. ಹಾಗಾಗಿ ಒಂದೇ ಪುಟದಲ್ಲಿ ಕತ್ತರಿಸಿದ ಕುತ್ತಿಗೆ ನರನರವಾಗಿ ಕಾಣುತ್ತದೆ, ಪಕ್ಕದ ಬೆತ್ತಲೆ ದೇಹದ ಮೇಲೆ ಮಾತ್ರ ಕಪ್ಪು ಪಟ್ಟಿ ಕೂತಿರುತ್ತದೆ. ವಿಚಿತ್ರ ಅಲ್ವಾ? ಕ್ರೌರ್ಯದ ಪ್ರಶ್ನೆಯನ್ನು ನೋಡಿಕೊಳ್ಳುವುದು ಸ್ಥಳೀಯ ಕಟ್ಟಳೆಗಳು. ಟೋಕಿಯೊದ್ದು 1964ರದ್ದು. ಒಂದು ಪುಸ್ತಕವನ್ನು ‘ಹಾನಿಕರ’ ಎಂದು ಗುರುತಿಸಿದರೆ ಹದಿನೆಂಟರ ಒಳಗಿನವರಿಗೆ ಮಾರುವಂತಿಲ್ಲ, ಬೇರೆ ಕಪಾಟಿನಲ್ಲಿ ಇಡಬೇಕು. ಇದು ನಿಷೇಧ ಅಲ್ಲ. ನಮ್ಮವರು ಇದನ್ನು ‘ಬ್ಯಾನ್ ಆಯ್ತು’ ಅಂತ ಬರೆಯುವುದು ಜಾಸ್ತಿ.

ಮುಖಪುಟದ ಮೇಲೆ ‘ಇದು ವಯಸ್ಕರ ಪುಸ್ತಕ’ ಎಂದು ತಿಳಿಸುವ ಹಳದಿ ಗುರುತಂತೂ ಸರ್ಕಾರದ್ದಲ್ಲವೇ ಅಲ್ಲ. 1990ರ ಸುಮಾರಿಗೆ ಪೋಷಕರ ಗಲಾಟೆ ಜೋರಾದಾಗ, 1991ರಲ್ಲಿ ಪ್ರಕಾಶಕರೇ ಹಾಕಿಕೊಂಡಿದ್ದು. ಅದು ಅಂಟುವುದು ಹಣ್ಣು ಸೇನೆನ್‌ಗೆ.

ಇನ್ನು ಚಿತ್ರದ ಕಡೆ ಬನ್ನಿ. ಮಾಂಗಾದಲ್ಲಿ ರಕ್ತ ಕೆಂಪಲ್ಲ, ಕಪ್ಪು. ಇಂಕಿನ ಕಪ್ಪು. ಕೂದಲು, ನೆರಳು, ರಾತ್ರಿ ಎಲ್ಲಕ್ಕೂ ಅದೇ ಇಂಕು. ಹಾಗಾಗಿ ಕಣ್ಣು ಒಂದು ಕ್ಷಣ ತಡವರಿಸುತ್ತದೆ, ನೆರಳೋ ನೆತ್ತರೋ ಎಂದು. ಮಾಂಗಾ ಓದುವುದು ಬಲದಿಂದ ಎಡಕ್ಕೆ. ಎಡಗಡೆ ಪುಟದ ಕೊನೆಯ ಚೌಕದಲ್ಲಿ ಎತ್ತಿದ ಕತ್ತಿ ಇರುತ್ತದೆ. ಪುಟ ತಿರುಗಿಸಿದರೆ ಎರಡು ಪುಟಕ್ಕೂ ಹರಡಿದ ಕಪ್ಪು. ಏಟು ಬಿದ್ದ ಚಿತ್ರ ಇಲ್ಲವೇ ಇಲ್ಲ. ಅದನ್ನು ಮಾಡಿದ್ದು ಪುಟ ತಿರುಗಿಸಿದ ನಮ್ಮ ಕೈ. ಓದುವಾಗ ಇಂಥ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಸುಮ್ನೆ ‘ಹಿಂಸೆ ಇದೆ’ ಎಂದು ಬರೆದರೆ ಏನೂ ಬರೆದ ಹಾಗಲ್ಲ.

ಕೊನೆಗೆ ಒಂದು ಉದಾಹರಣೆ, ಗುರುತು ನಂಬಿ ಕೂರುವವರಿಗಾಗಿ. ಹಿರೋಷಿಮಾ ಬಾಂಬಿನಿಂದ ಬದುಕುಳಿದ ಕೇಜಿ ನಕಜಾವಾ ಅವರ ‘ಬೇರ್‌ಫೂಟ್ ಗೆನ್’ 1973ರಲ್ಲಿ ಶುರುವಾಗಿದ್ದು ಹುಡುಗರ ವಾರಪತ್ರಿಕೆಯಲ್ಲಿ. ಸುಟ್ಟ ಚರ್ಮ ಜೋತಾಡುವ ಜನ ಅದರಲ್ಲಿ ನಡೆದು ಬರುತ್ತಾರೆ. ಮುಂದೆ ಬೇರೆ ಪತ್ರಿಕೆಗಳಿಗೆ ಹೋದ ಮೇಲೆ ಜಪಾನಿ ಸೈನಿಕರು ಏಷ್ಯಾದಲ್ಲಿ ನಡೆಸಿದ ಕ್ರೌರ್ಯವನ್ನೂ ಬಿಡಿಸಿದರು. 2012ರ ಡಿಸೆಂಬರಿನಲ್ಲಿ ಮತ್ಸುಎ ನಗರದ ಶಿಕ್ಷಣ ಮಂಡಳಿ ಅದನ್ನು ಶಾಲಾ ಲೈಬ್ರರಿಗಳ ತೆರೆದ ಕಪಾಟಿನಿಂದ ಒಳಗಿಡಲು ಹೇಳಿತು. ದೇಶವೆಲ್ಲ ಗದ್ದಲವಾಗಿ 2013ರ ಆಗಸ್ಟಿನಲ್ಲಿ ಆ ಮಾತನ್ನು ವಾಪಸ್ ಪಡೆಯಿತು. ಆ ಪುಸ್ತಕದ ಮೇಲೆ ಯಾವ ಹಳದಿ ಗುರುತೂ ಇರಲಿಲ್ಲ.