ಒಂದೇ ಆಯ್ಕೆ, ನಾಲ್ಕು ಕಡೆ: ಬೂಟ್‌ಲೋಡರ್ ಸೆಟ್ಟಿಂಗ್ ಇಷ್ಟು ಕಗ್ಗಂಟಾಗಿದ್ದು ಹೇಗೆ

ಬೋರ್ಡ್ ಆನ್ ಆದಾಗ ಬೂಟ್‌ಲೋಡರ್, ಅಂದರೆ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ, 3 ಸೆಕೆಂಡ್ ಕಾಯುತ್ತದೆ. ಅದನ್ನು ಸೊನ್ನೆಗೆ ಇಳಿಸಬೇಕು, ಅಷ್ಟೇ ಕೆಲಸ. ಬಿಲ್ಡ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್ ತೆರೆದು ಬೂಟ್‌ಡಿಲೇ, ಅಂದರೆ ಆ ಕಾಯುವ ಸಮಯ, ಬದಲಿಸುತ್ತೀರಿ. ಬಿಲ್ಡ್ ಮಾಡಿ, ಫ್ಲ್ಯಾಶ್‌ಗೆ ಬರೆದು, ಪವರ್ ಕೊಡುತ್ತೀರಿ. ಸೀರಿಯಲ್ ಕನ್ಸೋಲ್‌ನಲ್ಲಿ ಮತ್ತೆ ಅದೇ 3, 2, 1. ಬೇರೆ ಯಾವುದೋ ಫೈಲ್ ಬರೆದೆನಾ ಅಂತ ಅನುಮಾನ ಬಂದು ಎಲ್ಲವನ್ನೂ ಮೊದಲಿಂದ ಮಾಡುತ್ತೀರಿ. ಎಣಿಕೆ ಮಾತ್ರ ಬದಲಾಗುವುದಿಲ್ಲ.

ಬಿಲ್ಡ್‌ನಲ್ಲಿ ತಪ್ಪೇನೂ ಇಲ್ಲ. ನೀವು ಬದಲಿಸಿದ್ದು ಡಿಫಾಲ್ಟ್ ಅಂಕಿಯನ್ನು. ಹಿಂದೆ ಯಾರೋ ಆ ಬೋರ್ಡ್‌ನಲ್ಲಿ ಸೆಟ್ಟಿಂಗ್ ಉಳಿಸುವ ಸೇವ್‌ಎನ್ವಿ ಕಮಾಂಡ್ ಕೊಟ್ಟಿದ್ದಾರೆ. ಆಗ ಉಳಿಸಿದ 3 ಫ್ಲ್ಯಾಶ್‌ನ ಇನ್ನೊಂದು ಮೂಲೆಯಲ್ಲಿ ಹಾಗೇ ಕೂತಿದೆ. ಈ ಬೂಟ್‌ಲೋಡರ್, ಹೆಸರು ಯು-ಬೂಟ್, ಡಿಫಾಲ್ಟ್‌ಗಿಂತ ಅದಕ್ಕೇ ಹೆಚ್ಚು ಬೆಲೆ ಕೊಡುತ್ತದೆ. ಹಾರ್ಡ್‌ವೇರ್ ವಿವರ ಹೇಳುವ ಡಿವೈಸ್ ಟ್ರೀ ಫೈಲ್‌ನ ಕಾನ್ಫಿಗ್ ನೋಡ್‌ನಲ್ಲೂ ಬೂಟ್‌ಡಿಲೇ ಬರೆದಿದ್ದರೆ ಅದು ಈ ಎರಡನ್ನೂ ಮೀರುತ್ತದೆ. ಒಂದು ಅಂಕಿಗೆ ಮೂರು ಯಜಮಾನರು. ಲಿನಕ್ಸ್ ಕರ್ನಲ್‌ಗೆ ಸೂಚನೆಯಾಗಿ ಹೋಗುವ ಬೂಟ್‌ಆರ್ಗ್ಸ್ ಸಾಲಿನ ವಿಷಯಕ್ಕೆ ಬಂದರೆ ನಾಲ್ಕನೆಯವರೂ ಸೇರುತ್ತಾರೆ. ಅದು ಕರ್ನಲ್ ಒಳಗೇ ಕಂಪೈಲ್ ಆಗಿ ಕೂತಿರುವ ಕಮಾಂಡ್ ಲೈನ್.

ಹೀಗೇ ಇರಲಿ ಅಂತ ಯಾರೂ ಕೂತು ಯೋಜನೆ ಹಾಕಲಿಲ್ಲ. ಪ್ರತಿ ಪದರವೂ ಅದರ ಕಾಲದ ನಿಜವಾದ ಕಷ್ಟಕ್ಕೆ ಹುಡುಕಿದ ಉತ್ತರ. ಆದರೆ ಹೊಸ ಉತ್ತರ ಬಂದಾಗ ಹಳೆಯದು ಜಾಗ ಖಾಲಿ ಮಾಡಲಿಲ್ಲ.

ಒಂದು ಕಾಲಕ್ಕೆ ಸೆಟ್ಟಿಂಗ್ ಅಂದರೆ ಬೋರ್ಡ್ ಮೇಲಿನ ಜಂಪರ್ ಮತ್ತು ಪುಟಾಣಿ ಸ್ವಿಚ್‌ಗಳ ಸಾಲು. ಪ್ರೋಗ್ರಾಂ ಬದಲಿಸಬೇಕಾದರೆ ಇಪ್ರಾಮ್ ಚಿಪ್ ಕಿತ್ತು, ನೇರಳಾತೀತ ದೀಪದಡಿ ಅಳಿಸಿ, ಮತ್ತೆ ಬರೆಯುತ್ತಿದ್ದರು. ಫ್ಲ್ಯಾಶ್ ಬಂದ ಮೇಲೆ ಚಿಪ್ ಕೀಳುವ ಕೆಲಸ ತಪ್ಪಿತು. ಆಯ್ಕೆಗಳು ಸಾಫ್ಟ್‌ವೇರ್ ಒಳಗೆ ಬಂದವು.

ಈಗ ನಾವು ಬಳಸುವ ಯು-ಬೂಟ್‌ನ ಬೇರು ಪವರ್‌ಪಿಸಿ ಚಿಪ್‌ಗಳಿಗಾಗಿ ಬರೆದ ಒಂದು ಸಣ್ಣ ಪ್ರೋಗ್ರಾಂ. ವೋಲ್ಫ್‌ಗ್ಯಾಂಗ್ ಡೆಂಕ್ ಅದನ್ನು ಪಿಪಿಸಿಬೂಟ್ ಆಗಿ ಬೆಳೆಸಿದರು. 2000ದಲ್ಲಿ ಅದು ಸಾರ್ವಜನಿಕವಾಗಿ ಬಿಡುಗಡೆಯಾಯಿತು. 2002ರಲ್ಲಿ ಆರ್ಮ್ ಕೂಡ ಸೇರಿಕೊಂಡಾಗ ಹೆಸರು ಯು-ಬೂಟ್ ಆಯಿತು. ಆಗಿನ ವ್ಯವಸ್ಥೆ ಸರಳ: ಒಂದು ಬೋರ್ಡ್‌ಗೆ ಒಂದು ಹೆಡರ್ ಫೈಲ್. ಮೆಮೊರಿ ಎಲ್ಲಿ ಶುರು, ಫ್ಲ್ಯಾಶ್ ಎಷ್ಟು ದೊಡ್ಡದು, ಯಾವ ಕಮಾಂಡ್ ಬೇಕು, ಎಲ್ಲವೂ ಅದರಲ್ಲಿ ಸಾಲುಸಾಲು ಡಿಫೈನ್‌ಗಳು.

ನಾನು ಈ ಕೆಲಸ ಕಲಿತಿದ್ದು ಆ ಹೆಡರ್ ಫೈಲ್‌ಗಳ ಕಾಲದಲ್ಲೇ. ಅದರಲ್ಲಿ ಒಂದು ಒಳ್ಳೆಯ ಗುಣ ಇತ್ತು. ಒಂದು ಫೈಲ್ ಮೇಲಿಂದ ಕೆಳಗೆ ಓದಿದರೆ ಬೋರ್ಡ್ ಅರ್ಥವಾಗುತ್ತಿತ್ತು. ಹೆಸರುಗಳಲ್ಲೂ ಒಂದು ಶಿಸ್ತು ಇತ್ತು. ಕಾನ್ಫಿಗ್ ಅಂತ ಶುರುವಾದರೆ ಬಳಸುವವರು ಆರಿಸಿಕೊಳ್ಳಬಹುದಾದದ್ದು. ಸಿಎಫ್‌ಜಿ ಅಂತ ಶುರುವಾದರೆ ಹಾರ್ಡ್‌ವೇರ್‌ಗೆ ಅಂಟಿಕೊಂಡದ್ದು, ಗೊತ್ತಿಲ್ಲದೆ ಮುಟ್ಟಬಾರದು. 2008ರಲ್ಲಿ ಸಿಎಫ್‌ಜಿ ಹೆಸರುಗಳನ್ನೆಲ್ಲ ಕಾನ್ಫಿಗ್-ಸಿಸ್ ಎಂದು ಬದಲಿಸಿದರು. ಕಾಗದದ ಮೇಲೆ ವ್ಯತ್ಯಾಸ ಉಳಿದಿತ್ತು. ಆದರೆ ಎಲ್ಲವೂ ಒಂದೇ ಪದದಿಂದ ಶುರುವಾದ ಮೇಲೆ ಓದುವವರ ಕಣ್ಣಿಗೆ ಗೆರೆ ಮಸುಕಾಯಿತು.

ಕಷ್ಟ ಕೊಡುತ್ತಿದ್ದುದು ಮೌನ. ಹೆಡರ್‌ನಲ್ಲಿ ಆಯ್ಕೆಯ ಹೆಸರನ್ನು ಒಂದಕ್ಷರ ತಪ್ಪಾಗಿ ಬರೆದರೆ ಕಂಪೈಲರ್ ಏನೂ ಹೇಳುತ್ತಿರಲಿಲ್ಲ. ಆ ಹೆಸರನ್ನು ಯಾರೂ ಕೇಳುವುದಿಲ್ಲ, ಆ ಕೋಡ್ ಸೇರುವುದಿಲ್ಲ, ಬಿಲ್ಡ್ ಸಲೀಸಾಗಿ ಮುಗಿಯುತ್ತದೆ. ಸೇವ್‌ಎನ್ವಿ ಉಳಿಸುವ ವೇರಿಯೇಬಲ್‌ಗಳ ಪಟ್ಟಿಗೆ ಎನ್ವಿರಾನ್‌ಮೆಂಟ್ ಅಂತ ಹೆಸರು. ಅದರ ಡಿಫಾಲ್ಟ್‌ಗಳಂತೂ ಇನ್ನೂ ಸೂಕ್ಷ್ಮ. ಅವೆಲ್ಲ ಒಂದೇ ಉದ್ದನೆಯ ಸ್ಟ್ರಿಂಗ್. ಪ್ರತಿ ವೇರಿಯೇಬಲ್‌ನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಸೊನ್ನೆ, ಪ್ರತಿ ಸಾಲಿನ ಕೊನೆಗೆ ಇನ್ನೊಂದು ಬ್ಯಾಕ್‌ಸ್ಲ್ಯಾಶ್. ಒಮ್ಮೆ ನಾನು ಕನ್ಸೋಲ್ ಸಾಲಿನ ಕೊನೆಯ ಸೊನ್ನೆ ಬಿಟ್ಟೆ. ಕೆಳಗಿನ ವೇರಿಯೇಬಲ್ ಪೂರ್ತಿಯಾಗಿ ಮೇಲಿನದರ ಬಾಲಕ್ಕೆ ಅಂಟಿಕೊಂಡಿತು. ಕರ್ನಲ್ ಶುರುವಾಗುತ್ತಿತ್ತು, ಪರದೆಯಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ. ಎರಡು ದಿನ ಸೀರಿಯಲ್ ಕೇಬಲ್ ಬದಲಿಸುತ್ತಾ ಕಳೆದೆ. ಕೊನೆಗೆ ಆ ಪಟ್ಟಿ ತೋರಿಸುವ ಪ್ರಿಂಟ್‌ಎನ್ವಿ ಕಮಾಂಡ್ ಕೊಟ್ಟು ನಿಧಾನವಾಗಿ ಓದಿದಾಗ ಒಂದು ಸಾಲು ಬೇಕಿದ್ದಕ್ಕಿಂತ ಜಾಸ್ತಿ ಉದ್ದ ಇರುವುದು ಕಂಡಿತು.

ಈ ಎನ್ವಿರಾನ್‌ಮೆಂಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಒಂದೇ ಬೈನರಿಯನ್ನು ನೂರು ಬೋರ್ಡ್‌ಗೆ ಹಾಕಿ, ಒಂದೊಂದಕ್ಕೂ ಬೇರೆ ಸೆಟ್ಟಿಂಗ್ ಕೊಡಬೇಕು ಅನ್ನುವುದು ನ್ಯಾಯವಾದ ಆಸೆ. ಅದಕ್ಕಾಗಿ ಫ್ಲ್ಯಾಶ್‌ನಲ್ಲಿ ಒಂದು ತುಂಡು ಜಾಗ ಮೀಸಲು. ಮೊದಲ 4 ಬೈಟ್ ಸಿಆರ್‌ಸಿ, ಅಂದರೆ ಮಾಹಿತಿ ಕೆಟ್ಟಿದೆಯಾ ಅಂತ ಪರೀಕ್ಷಿಸುವ ಸಂಖ್ಯೆ. ಆಮೇಲೆ ಹೆಸರು-ಮೌಲ್ಯಗಳ ಸಾಲು. ಸಿಆರ್‌ಸಿ ಹೊಂದದಿದ್ದರೆ ಯು-ಬೂಟ್ ಒಂದು ಎಚ್ಚರಿಕೆ ಸಾಲು ತೋರಿಸಿ ಕಂಪೈಲ್ ಆದ ಡಿಫಾಲ್ಟ್‌ಗೆ ಮರಳುತ್ತದೆ. ವಿದ್ಯುತ್ ಹೋಗಿ ಬರಹ ಅರ್ಧಕ್ಕೆ ನಿಂತರೆ ಅಂತ ಎರಡನೇ ಪ್ರತಿ ಇಡುವ ಸೌಲಭ್ಯವೂ ಇದೆ.

ಆದರೆ ಆ ಸಿಆರ್‌ಸಿ ಲೆಕ್ಕ ಹಾಕುವುದು ಮೀಸಲಿಟ್ಟ ಇಡೀ ಜಾಗದ ಮೇಲೆ. ಅಂದರೆ ಹೊಸ ಬಿಲ್ಡ್‌ನಲ್ಲಿ ಎನ್ವಿರಾನ್‌ಮೆಂಟ್ ಗಾತ್ರವನ್ನು 8 ಕೆಬಿಯಿಂದ 16 ಕೆಬಿಗೆ ಏರಿಸಿದರೆ ಸಾಕು, ಹಳೆಯ ಮಾಹಿತಿ ಒಂದಕ್ಷರ ಬದಲಾಗದಿದ್ದರೂ ಕೆಟ್ಟಿದೆ ಎಂದೇ ಲೆಕ್ಕ. ನಾನಿದ್ದ ಒಂದು ತಂಡದಲ್ಲಿ ಇದು ನಡೆದೇ ಹೋಯಿತು. ಅಪ್‌ಡೇಟ್ ಆದ ಸಾಧನಗಳೆಲ್ಲ ಚೆನ್ನಾಗಿಯೇ ಬೂಟ್ ಆದವು. ಒಂದೇ ತೊಂದರೆ, ಅವುಗಳ ಮ್ಯಾಕ್ ವಿಳಾಸ ಇದ್ದದ್ದು ಎನ್ವಿರಾನ್‌ಮೆಂಟ್‌ನಲ್ಲಿ. ಪ್ರತಿ ಸಲ ಆನ್ ಮಾಡಿದಾಗಲೂ ಹೊಸ ವಿಳಾಸ, ನೆಟ್‌ವರ್ಕ್‌ಗೆ ಪ್ರತಿ ಸಲವೂ ಹೊಸ ಸಾಧನ. ಬದಲಾವಣೆ ಒಂದೇ ಸಾಲು. ಅದನ್ನು ಮಾಡಿದವರು ಹೆಡರ್ ನೋಡಿದ್ದರು, ಹೊರಗೆ ಓಡುತ್ತಿದ್ದ ಬೋರ್ಡ್‌ಗಳಲ್ಲಿ ಏನಿದೆ ಅಂತ ನೋಡುವ ದಾರಿ ಅವರಿಗೆ ಇರಲಿಲ್ಲ.

ಲಿನಕ್ಸ್ ಕಡೆಯಿಂದಲೂ ಇದೇ ಜಾಗವನ್ನು ಎಫ್‌ಡಬ್ಲ್ಯು-ಸೆಟ್‌ಎನ್ವಿ ಎಂಬ ಕಮಾಂಡ್ ಬಳಸಿ ತಿದ್ದಬಹುದು. ಅದಕ್ಕೆ ಜಾಗದ ಆಫ್‌ಸೆಟ್ ಮತ್ತು ಗಾತ್ರವನ್ನು ಇನ್ನೊಂದು ಫೈಲ್‌ನಲ್ಲಿ ಕೈಯಾರೆ ಬರೆಯಬೇಕು. ಬೂಟ್‌ಲೋಡರ್‌ನಲ್ಲಿ ಬದಲಿಸಿದವರು ಇಲ್ಲೂ ಬದಲಿಸಲು ನೆನಪಿಡಬೇಕು. ಇಂಥ ನೆನಪಿನ ಮೇಲೆ ನಿಂತ ಏರ್ಪಾಡು ಜಾಸ್ತಿ ದಿನ ಬಾಳುವುದಿಲ್ಲ.

ಇಷ್ಟರಲ್ಲಿ ಬೋರ್ಡ್‌ಗಳ ಸಂಖ್ಯೆ ಸಾವಿರ ದಾಟಿತ್ತು. ಲಿನಕ್ಸ್ ಕರ್ನಲ್ 2002ರಲ್ಲೇ ಕೆಕಾನ್ಫಿಗ್ ಎಂಬ ಆಯ್ಕೆಗಳ ವ್ಯವಸ್ಥೆಗೆ ಹೋಗಿತ್ತು. ಅಲ್ಲಿ ಪ್ರತಿ ಆಯ್ಕೆಗೆ ಒಂದು ವಿವರಣೆ ಇರುತ್ತದೆ, ಇದು ಬೇಕಾದರೆ ಅದು ಇರಲೇಬೇಕು ಅನ್ನುವ ನಿಯಮ ಇರುತ್ತದೆ, ಮೆನುವಿನಲ್ಲಿ ಹುಡುಕಬಹುದು. ಯು-ಬೂಟ್‌ನಿಂದ ಕವಲೊಡೆದ ಬೇರ್‌ಬಾಕ್ಸ್ ಬೂಟ್‌ಲೋಡರ್ ಶುರುವಿನಿಂದಲೇ ಆ ದಾರಿ ಹಿಡಿದಿತ್ತು. ಯು-ಬೂಟ್‌ಗೆ ಕೆಕಾನ್ಫಿಗ್ ಬಂದಿದ್ದು 2014ರ ಅಕ್ಟೋಬರ್ ಬಿಡುಗಡೆಯಲ್ಲಿ. ಮಸಾಹಿರೊ ಯಮಾಡ ಅದರ ಮುಖ್ಯ ಕೆಲಸ ಮಾಡಿದರು.

ಬಂದಿತು ಅಂದರೆ ಬಾಗಿಲು ತೆರೆಯಿತು ಅಷ್ಟೇ. ಸಾವಿರಾರು ಆಯ್ಕೆಗಳು ಇನ್ನೂ ಹೆಡರ್‌ಗಳಲ್ಲೇ ಇದ್ದವು. ಒಂದೊಂದನ್ನೂ ಕೆಕಾನ್ಫಿಗ್‌ಗೆ ಸಾಗಿಸಬೇಕು, ಸಾಗಿಸಿದಾಗ ಯಾವ ಬೋರ್ಡ್‌ನ ಬೈನರಿಯೂ ಬದಲಾಗಬಾರದು. ಇದಕ್ಕೆಂದೇ ಒಂದು ಸ್ಕ್ರಿಪ್ಟ್ ಬರೆದರು. ಅದು ಎಲ್ಲ ಬೋರ್ಡ್‌ಗಳನ್ನೂ ಸುತ್ತಿ, ಪ್ರತಿಯೊಂದರ ಹೆಡರ್‌ನಲ್ಲಿದ್ದ ಮೌಲ್ಯವನ್ನು ಆ ಬೋರ್ಡ್‌ನ ಆಯ್ಕೆಗಳ ಫೈಲಾದ ಡೆಫ್‌ಕಾನ್ಫಿಗ್‌ಗೆ ಸೇರಿಸುತ್ತಿತ್ತು. ಸಾಗಿಸದೆ ಉಳಿದ ಹೆಸರುಗಳ ಒಂದು ಪಟ್ಟಿಯನ್ನೂ ಇಟ್ಟರು. ಹೊಸ ಹೆಸರು ಆ ಪಟ್ಟಿಗೆ ಸೇರುವಂತಿಲ್ಲ, ಹಳೆಯವು ಕರಗುತ್ತಾ ಹೋಗಬೇಕು. ಪಟ್ಟಿ ಕರಗಿ ಮುಗಿದಿದ್ದು 2022ರ ಕೊನೆಗೆ. ಎಂಟು ವರ್ಷ. ಟಾಮ್ ರಿನಿ ಮತ್ತು ಜೊತೆಯವರು ಅಷ್ಟು ತಾಳ್ಮೆಯಿಂದ ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ. ಕೆಕಾನ್ಫಿಗ್‌ಗೆ ಒಗ್ಗದೆ ಹೆಡರ್‌ನಲ್ಲೇ ಉಳಿದ ಕೆಲವಕ್ಕೆ ಬೇರೆ ಹೆಸರು ಬೇಕಾಯಿತು. ಇಟ್ಟ ಹೆಸರು ಸಿಎಫ್‌ಜಿ. 2008ರಲ್ಲಿ ತೆಗೆದುಹಾಕಿದ ಅದೇ ಪದ.

ಮೌನ ಮಾತ್ರ ಪೂರ್ತಿ ಹೋಗಲಿಲ್ಲ. ಡೆಫ್‌ಕಾನ್ಫಿಗ್‌ನಲ್ಲಿ ಬರೆದ ಆಯ್ಕೆಗೆ ಬೇಕಾದ ಇನ್ನೊಂದು ಆಯ್ಕೆ ಆನ್ ಆಗಿರದಿದ್ದರೆ ನಿಮ್ಮ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಡೆಫ್‌ಕಾನ್ಫಿಗ್‌ನಲ್ಲಿ ಇರುವುದು ಡಿಫಾಲ್ಟ್‌ಗಿಂತ ಬೇರೆಯಾದವು ಮಾತ್ರ. ಹಾಗಾಗಿ ಮೂಲದಲ್ಲಿ ಡಿಫಾಲ್ಟ್ ಬದಲಾದರೆ ನೀವು ಏನನ್ನೂ ಮುಟ್ಟದೆಯೂ ನಿಮ್ಮ ಬೋರ್ಡ್ ಬದಲಾಗಬಹುದು. ಬಿಲ್ಡ್ ಆದ ಮೇಲೆ ಕೊನೆಗೆ ಉಳಿದ ಆಯ್ಕೆಗಳಿರುವ ಡಾಟ್-ಕಾನ್ಫಿಗ್ ಫೈಲ್ ತೆರೆದು ನೋಡುವವರೆಗೆ ನಂಬುವಂತಿಲ್ಲ.

ಇನ್ನು ಎಸ್‌ಪಿಎಲ್, ಅಂದರೆ ಪೂರ್ತಿ ಯು-ಬೂಟ್‌ಗೆ ಮೊದಲು ಓಡುವ ಪುಟ್ಟ ಹಂತ. ಚಿಪ್ ಶುರುವಾದಾಗ ಡಿಡಿಆರ್ ಮೆಮೊರಿ ಇನ್ನೂ ಎದ್ದಿರುವುದಿಲ್ಲ, ಒಳಗಿನ ಸಣ್ಣ ಎಸ್‌ರಾಮ್ ಮಾತ್ರ ಇರುತ್ತದೆ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿರುವ ಎಎಂ335ಎಕ್ಸ್ ಚಿಪ್‌ನಲ್ಲಿ ಮೊದಲ ಹಂತಕ್ಕೆ ಸಿಗುವುದು 109 ಕೆಬಿ. ಅಷ್ಟರಲ್ಲಿ ಹಿಡಿಸುವ ಪುಟ್ಟ ಯು-ಬೂಟ್ ಬೇರೆ, ಪೂರ್ತಿ ಯು-ಬೂಟ್ ಬೇರೆ. ಆದ್ದರಿಂದ ಒಂದೇ ಸೌಲಭ್ಯಕ್ಕೆ ಎರಡು ಆಯ್ಕೆ, ಒಂದು ಸಾದಾ, ಒಂದು ಎಸ್‌ಪಿಎಲ್ ಹೆಸರಿನದು. 64 ಬಿಟ್ ಆರ್ಮ್‌ನಲ್ಲಿ ಇವೆರಡರ ನಡುವೆ ಟ್ರಸ್ಟೆಡ್ ಫರ್ಮ್‌ವೇರ್ ಎಂಬ ಸುರಕ್ಷತೆಯ ಪ್ರೋಗ್ರಾಂ ಕೂಡ ಬರುತ್ತದೆ, ಅದಕ್ಕೂ ತನ್ನದೇ ಬಿಲ್ಡ್ ಸೆಟ್ಟಿಂಗ್.

ರಾಸ್ಪ್‌ಬೆರಿ ಪೈ 2012ರಲ್ಲಿ ಬೇರೆಯೇ ದಾರಿ ಹಿಡಿಯಿತು. ಎಸ್‌ಡಿ ಕಾರ್ಡ್‌ನಲ್ಲಿ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಎಂಬ ಸಾದಾ ಪಠ್ಯ ಫೈಲ್, ಯಾವ ಕಂಪ್ಯೂಟರ್‌ನಲ್ಲಾದರೂ ತೆರೆದು ತಿದ್ದಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. 2019ರ ಪೈ 4ರಲ್ಲಿ ಬೂಟ್‌ಲೋಡರ್ ಇಇಪ್ರಾಮ್‌ಗೆ ಹೋಯಿತು. ಬೂಟ್ ಕ್ರಮವನ್ನು ಅಲ್ಲಿ ಎಫ್41 ಥರದ ಹೆಕ್ಸ್ ಸಂಖ್ಯೆಯಾಗಿ ಬರೆಯುತ್ತಾರೆ, ಬಲದಿಂದ ಎಡಕ್ಕೆ ಓದಬೇಕು: 1 ಅಂದರೆ ಎಸ್‌ಡಿ ಕಾರ್ಡ್, 4 ಅಂದರೆ ಯುಎಸ್‌ಬಿ, ಎಫ್ ಅಂದರೆ ಮತ್ತೆ ಮೊದಲಿಂದ. ಅಲ್ಲೂ ಈಗ ನೋಡಬೇಕಾದ ಜಾಗ ಎರಡಾಯಿತು.

ಯು-ಬೂಟ್ ಕಡೆ 2014ರ ಸುಮಾರಿಗೆ ಇನ್ನೊಂದು ಯೋಚನೆ ಬೆಳೆಯಿತು. ಯಾವ ಕರ್ನಲ್, ಯಾವ ಬೂಟ್‌ಆರ್ಗ್ಸ್ ಅನ್ನುವುದನ್ನು ಬೂಟ್‌ಲೋಡರ್ ಯಾಕೆ ತೀರ್ಮಾನಿಸಬೇಕು? ಅದು ಡಿಸ್ಕ್‌ಗಳನ್ನು ಒಂದೊಂದಾಗಿ ಹುಡುಕಲಿ, ಎಕ್ಸ್‌ಟ್‌ಲಿನಕ್ಸ್ ಡಾಟ್ ಕಾನ್ಫ್ ಎಂಬ ಸಣ್ಣ ಫೈಲ್ ಸಿಕ್ಕಿದರೆ ಅದರಂತೆ ನಡೆಯಲಿ. 2016ರಲ್ಲಿ ಪಿಸಿಗಳ ಬೂಟ್ ಪದ್ಧತಿಯಾದ ಯುಇಎಫ್‌ಐಗೆ ಬೆಂಬಲ ಬಂದು ಅಲ್ಲಿನ ಸಾಮಾನ್ಯ ಬೂಟ್‌ಲೋಡರ್ ಗ್ರಬ್ ಕೂಡ ಓಡುವಂತಾಯಿತು. ನನಗೆ ಇದೇ ಸರಿಯಾದ ದಿಕ್ಕು ಅನ್ನಿಸುತ್ತದೆ. ಆಪರೇಟಿಂಗ್ ಸಿಸ್ಟಂನ ಆಯ್ಕೆ ಆಪರೇಟಿಂಗ್ ಸಿಸ್ಟಂ ಜೊತೆಗೇ ಇದ್ದರೆ ಎರಡೂ ಒಟ್ಟಿಗೆ ಅಪ್‌ಡೇಟ್ ಆಗುತ್ತವೆ, ಅಲ್ವಾ? ಆದರೆ ಚಿಪ್ ಜೊತೆ ಕೈಗೆ ಬರುವ ಯು-ಬೂಟ್ ಎಷ್ಟೋ ಸಲ ಹಲವು ವರ್ಷ ಹಳೆಯ ಕವಲು. ಅಲ್ಲಿ ಇನ್ನೂ ಹೆಡರ್, ಇನ್ನೂ ಉದ್ದನೆಯ ಸ್ಟ್ರಿಂಗ್. ಒಂದೇ ಮೇಜಿನ ಮೇಲೆ ಮೂರು ಕಾಲದ ವ್ಯವಸ್ಥೆಗಳು ಇರುತ್ತವೆ.

ಸುರಕ್ಷತೆಯ ಪ್ರಶ್ನೆ ಬಂದ ಮೇಲೆ ಎನ್ವಿರಾನ್‌ಮೆಂಟ್ ಮತ್ತೆ ಚರ್ಚೆಗೆ ಬಂತು. ಕರ್ನಲ್‌ಗೆ ಸಹಿ ಹಾಕಿ, ಸಹಿ ಪರೀಕ್ಷಿಸಿಯೇ ಬೂಟ್ ಮಾಡುವ ಸೌಲಭ್ಯ ಯು-ಬೂಟ್‌ಗೆ 2013ರಲ್ಲೇ ಸೇರಿತ್ತು. ಆದರೆ ಬೂಟ್‌ಆರ್ಗ್ಸ್ ಸಹಿಯ ಹೊರಗಿರುವ ಎನ್ವಿರಾನ್‌ಮೆಂಟ್‌ನಿಂದ ಬಂದರೆ, ಕರ್ನಲ್ ಓಡಿಸುವ ಮೊದಲ ಪ್ರೋಗ್ರಾಂ ಆದ ಇನಿಟ್ ಜಾಗದಲ್ಲಿ ಒಂದು ಶೆಲ್ ಹೆಸರು ಸೇರಿಸಿದರೆ ಮುಗಿಯಿತು. ಸಹಿ ಸರಿ ಇದೆ, ಕರ್ನಲ್ ಸರಿ ಇದೆ, ರೂಟ್ ಅನ್ನುವ ಪೂರ್ಣ ಅಧಿಕಾರ ಮಾತ್ರ ಎದುರು ಕೂತವರ ಕೈಯಲ್ಲಿ. ಅದಕ್ಕೇ ಈಗ ಬರೆಯಬಹುದಾದ ವೇರಿಯೇಬಲ್‌ಗಳನ್ನು ಮಾತ್ರ ಹೆಸರಿಸಿ, ಉಳಿದವನ್ನು ಕಂಪೈಲ್ ಆದ ಡಿಫಾಲ್ಟ್‌ನಿಂದಲೇ ತೆಗೆದುಕೊಳ್ಳುವ ಆಯ್ಕೆ ಬಂದಿದೆ. ಡಿಫಾಲ್ಟ್‌ಗಳನ್ನು ಸಾದಾ ಪಠ್ಯ ಫೈಲ್‌ನಲ್ಲಿ ಬರೆಯುವ ಅವಕಾಶವೂ ಬಂದಿದೆ. ಬ್ಯಾಕ್‌ಸ್ಲ್ಯಾಶ್ ಸೊನ್ನೆಯ ಕಾಟ ಇಲ್ಲ. ಬೀಗ ಬಿಗಿಯಾದಷ್ಟೂ ಕೆಟ್ಟ ಬೋರ್ಡ್ ಎಬ್ಬಿಸುವುದು ಕಷ್ಟವಾಗುತ್ತದೆ. ಆ ಎಳೆದಾಟ ಇನ್ನೂ ನಡೆದೇ ಇದೆ.

ಇವತ್ತು ಹಳೆಯ ಬೋರ್ಡ್ ಕೈಗೆ ಬಂದರೆ ನಾನು ಮೊದಲು ಪ್ರಿಂಟ್‌ಎನ್ವಿ ಕೊಟ್ಟು ಬಂದದ್ದನ್ನೆಲ್ಲ ಉಳಿಸಿಕೊಳ್ಳುತ್ತೇನೆ. ಆಮೇಲೆ ಸೇವ್ ಮಾಡದೆ ಡಿಫಾಲ್ಟ್ ಎನ್ವಿರಾನ್‌ಮೆಂಟ್ ಲೋಡ್ ಮಾಡಿ ಮತ್ತೆ ಪ್ರಿಂಟ್‌ಎನ್ವಿ. ಹಾಗೆ ಲೋಡ್ ಮಾಡಿದ್ದು ರಾಮ್‌ನಲ್ಲಿ ಮಾತ್ರ ಇರುತ್ತದೆ, ಫ್ಲ್ಯಾಶ್‌ನಲ್ಲಿ ಏನೂ ಹಾಳಾಗುವುದಿಲ್ಲ. ಲಿನಕ್ಸ್ ಎದ್ದ ಮೇಲೆ ಕರ್ನಲ್‌ಗೆ ನಿಜವಾಗಿ ಸಿಕ್ಕ ಕಮಾಂಡ್ ಲೈನ್ ಅನ್ನು ಪ್ರೊಕ್ ಫೋಲ್ಡರ್‌ನಲ್ಲಿ ಓದಿ ಮೂರನ್ನೂ ಪಕ್ಕಪಕ್ಕ ಇಡುತ್ತೇನೆ. ಹಿಂದೆ ಆ ಬೋರ್ಡ್ ಮೇಲೆ ಕೆಲಸ ಮಾಡಿದವರು ಏನೇನು ಬದಲಿಸಿದ್ದರು ಅನ್ನುವುದು ಆ ವ್ಯತ್ಯಾಸದಲ್ಲೇ ಸಿಗುತ್ತದೆ. ಹೋದ ಸಲ ಸಿಕ್ಕಿದ್ದು ಒಂದೇ ಸಾಲು: ಬೂಟ್‌ಡಿಲೇ 3.